ಕಂಬಳಿ ಕಾಳನ ಪಾತ್ರ

ಹೋದ ತಿಂಗಳು ಒಂದು ಭಾನುವಾರ ಬೆಳಗ್ಗೆ ಪೇಪರಿನ ಸಿನಿಮಾ ಪುಟ ತೆರೆದವನು ಕಾಫಿ ಲೋಟವನ್ನು ಎಷ್ಟು ಜೋರಾಗಿ ಕೆಳಗಿಟ್ಟೆನೆಂದರೆ, ಅಡುಗೆಮನೆಯಿಂದ ನನ್ನ ಹೆಂಡತಿ ಯಾರು ಹೋದರು ಎಂದು ಗಾಬರಿಯಿಂದ ಕೇಳಿದಳು. ಯಾರೂ ಹೋಗಿರಲಿಲ್ಲ. ಬರುವವನಿದ್ದ. ಕಂಬಳಿ ಕಾಳ ಹದಿನೈದು ವರ್ಷದ ಮೇಲೆ ಮತ್ತೆ ಹೊಸ ಸಿನಿಮಾ ಆಗಿ ಬರುವವನಿದ್ದ. ಅವನ ಪಾತ್ರಕ್ಕೆ ಆರಿಸಿದ್ದ ಹುಡುಗನ ಫೋಟೊ ಅಲ್ಲೇ ಅಚ್ಚಾಗಿತ್ತು. ಕೆನೆಹಾಲಿನಂಥ ಮೈಬಣ್ಣ, ಕಣ್ಣಿಗೆ ತಂಪು ಕನ್ನಡಕ, ಜಿಮ್ಮಿನಲ್ಲಿ ಉಬ್ಬಿಸಿದ ತೋಳು. ಜನ್ಮದಲ್ಲಿ ಒಂದು ಎಮ್ಮೆಯ ಹಗ್ಗ ಹಿಡಿದವನಲ್ಲ, ಮುಖ ನೋಡಿದರೇ ಗೊತ್ತಾಗುತ್ತದೆ. ಇವನು ನಮ್ಮ ಕಾಳನಂತೆ! ಮೈಯೆಲ್ಲ ಉರಿದುಹೋಯಿತು.

ನಿಮಗೆ ಕಂಬಳಿ ಕಾಳ ಗೊತ್ತಿಲ್ಲದಿದ್ದರೆ ಅದು ನಿಮ್ಮ ತಪ್ಪಲ್ಲ, ಕೂತುಕೊಳ್ಳಿ, ಹೇಳುತ್ತೇನೆ. ಎಂಬತ್ತರ ದಶಕದಲ್ಲಿ ಒಂದು ವಾರಪತ್ರಿಕೆಯ ಕೊನೆಯ ಪುಟದಲ್ಲಿ ಅವನ ಚಿತ್ರಕಥೆ ಬರುತ್ತಿತ್ತು. ವಾರಕ್ಕೆ ಒಂದು ಪುಟ, ಪುಟಕ್ಕೆ ಆರು ಚೌಕ. ಕಾಳ ದಿನಾ ಎಮ್ಮೆ ಕಾಯುವವನು. ಊರಿಗೆ ಆಪತ್ತು ಬಂತೆಂದರೆ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿ ಹೆಗಲ ಮೇಲಿನ ಕರಿಕಂಬಳಿ ಕೊಡವುತ್ತಿದ್ದ. ಅದರೊಳಗೆ ಗಾಳಿ ತುಂಬಿ ಅವನನ್ನು ಎತ್ತಿಕೊಂಡು ಹೋಗುತ್ತಿತ್ತು. ಕೆರೆ ದಾಟುತ್ತಿದ್ದ, ಬೆಟ್ಟ ದಾಟುತ್ತಿದ್ದ, ಒಡೆಯಲಿರುವ ಕೆರೆ ಏರಿಗೆ ಬೆನ್ನುಕೊಟ್ಟು ನಿಲ್ಲುತ್ತಿದ್ದ. ಒಂದೇ ಒಂದು ಕೊರತೆಯೆಂದರೆ ಕಂಬಳಿ ನೆನೆದರೆ ಹಾರಲಾಗದು. ನೆನೆದ ಕಂಬಳಿಯ ಭಾರ ಹೊತ್ತವರಿಗೇ ಗೊತ್ತು. ಮಳೆ ಬಂದರೆ ಕಾಳನೂ ನಮ್ಮ ಹಾಗೆ ಕೆಸರಿನಲ್ಲಿ ಕಾಲು ಕಿತ್ತುಕೊಂಡು ನಡೆದೇ ಹೋಗಬೇಕು. ಕಥೆಯ ಜೀವ ಇದ್ದದ್ದೇ ಅದರಲ್ಲಿ. ಆಕಾಶದಲ್ಲಿ ಮೋಡ ಬರೆದರೆ ಸಾಕು, ನಮಗೆ ಒಂದು ವಾರ ಊಟ ಸೇರುತ್ತಿರಲಿಲ್ಲ.

ಇನ್ನೊಂದು ಮಾತು. ಚಿತ್ರ ಬರೆಯುತ್ತಿದ್ದ ಪುಣ್ಯಾತ್ಮ ಕಾಳನನ್ನು ಅಪ್ಪಟ ಕಪ್ಪಗೆ ಬರೆಯುತ್ತಿದ್ದ. ಗೋಧಿ ಬಣ್ಣ, ಎಣ್ಣೆಗೆಂಪು ಎಂದೆಲ್ಲ ಜಾರಿಕೊಳ್ಳದೆ ಮಸಿಕುಡಿಕೆಯನ್ನೇ ಸುರಿದಂತೆ ತುಂಬುತ್ತಿದ್ದ. ಕಣ್ಣು ಮತ್ತು ಹಲ್ಲು ಮಾತ್ರ ಬಿಳುಪು. ಮೂಗು ಅಗಲ, ಕೂದಲು ಗುಂಗುರು, ಕಾಲು ಉದ್ದ, ಮೈ ಸಣಕಲು. ಆ ಕಾಲದ ಕ್ಯಾಲೆಂಡರು, ಪೌಡರ್ ಡಬ್ಬಿ, ಸಿನಿಮಾ ಪೋಸ್ಟರುಗಳ ನಡುವೆ ಇಂಥವನೊಬ್ಬ ಊರು ಕಾಯುವುದನ್ನು ನಾವು ನೋಡಿದ್ದೇ ಮೊದಲು.

ನಾನು ಬಂಡಳ್ಳಿಯವನು. ಮನೆಯಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆ ಹುಳುವಿನ ಮನೆ, ಅನುಕೂಲಸ್ಥರೇ. ಹೈಸ್ಕೂಲಿಗೆ ಹನೂರಿಗೆ ಹೋಗುತ್ತಿದ್ದೆ. ಹನೂರಿನ ಕಟಿಂಗ್ ಶಾಪಿನ ಸಿದ್ದರಾಜಣ್ಣ ಆ ಪತ್ರಿಕೆ ತರಿಸುತ್ತಿದ್ದ. ಗುರುವಾರ ಕೊಳ್ಳೇಗಾಲದ ಬಸ್ಸಿನಲ್ಲಿ ಕಟ್ಟು ಬಂದು ಇಳಿಯುವ ಹೊತ್ತಿಗೆ ನಾವು ಐದಾರು ಜನ ಅಂಗಡಿಯ ಬೆಂಚಿನ ಮೇಲೆ ಹಾಜರು. ತಲೆಗೂದಲು ಬೆಳೆದಿರಲಿ ಬಿಡಲಿ ಹಾಜರು. ಸಿದ್ದರಾಜಣ್ಣ ಗಿರಾಕಿಯ ಮುಖಕ್ಕೆ ಸೋಪು ಹಚ್ಚಿ ಹಾಗೇ ಬಿಟ್ಟು, ಮೊದಲು ಕೊನೆಯ ಪುಟ ಜೋರಾಗಿ ಓದುತ್ತಿದ್ದ. ಗಿರಾಕಿಗಳೂ ಬಯ್ಯುತ್ತಿರಲಿಲ್ಲ, ಸೋಪು ಒಣಗಿಸಿಕೊಂಡು ಕೇಳುತ್ತಿದ್ದರು. ಆಮೇಲೆ ವಾದ ಶುರು. ಕಾಳ ಇಬ್ಬರನ್ನು ಹೊತ್ತು ಹಾರಬಲ್ಲನೇ? ನೆನೆದ ಕಂಬಳಿಯನ್ನು ಬೆಂಕಿಗೆ ಹಿಡಿದು ಒಣಗಿಸಿದರೆ ಶಕ್ತಿ ಬರುತ್ತದೆಯೇ, ಬಿಸಿಲಿಗೇ ಒಣಗಬೇಕೇ? ನಾನಂತೂ ಇದಕ್ಕೆಲ್ಲ ಒಂದು ನೋಟ್‌ಬುಕ್ ಇಟ್ಟಿದ್ದೆ. ಗಣಿತಕ್ಕೆ ಬೇರೆ ನೋಟ್‌ಬುಕ್ ಇರಲಿಲ್ಲ, ಅದೂ ಇದರ ಹಿಂದುಗಡೆಯೇ ಇತ್ತು.

ಆ ಬೆಂಚಿನ ತುದಿಯಲ್ಲಿ ಕೂರುತ್ತಿದ್ದವನು ಮಾದೇಶ. ಶಾಗ್ಯದವನು, ನನ್ನ ಕ್ಲಾಸಿನವನೇ. ಅವನ ಅಪ್ಪನಿಗೆ ಒಂದು ತುಂಡು ರಾಗಿಹೊಲ, ಎರಡು ಎಮ್ಮೆ. ಮಾದೇಶ ಎಷ್ಟು ಕಪ್ಪೆಂದರೆ ಶಾಲೆಯಲ್ಲಿ ಅವನಿಗೆ ಇದ್ದಲು ಎಂದು ಹೆಸರಿಟ್ಟಿದ್ದರು. ಇಟ್ಟವರಲ್ಲಿ ಒಬ್ಬ ಮೇಷ್ಟ್ರೂ ಇದ್ದರು ಎಂದರೆ ನೀವೇ ಯೋಚನೆ ಮಾಡಿ. ಅವನ ಅವ್ವನೇ ಹಬ್ಬದ ದಿನ ಅವನ ಮುಖಕ್ಕೆ ಕಡಲೆಹಿಟ್ಟು ತಿಕ್ಕಿ ತಿಕ್ಕಿ ಸೋತು, ನಿನಗೆ ಹೆಣ್ಣು ಯಾರು ಕೊಟ್ಟಾರೋ ಎಂದು ಅಲವತ್ತುಕೊಳ್ಳುತ್ತಿದ್ದಳಂತೆ. ಕಟಿಂಗ್ ಶಾಪಿನಲ್ಲಿ ಸುತ್ತ ಕನ್ನಡಿಗಳಿದ್ದರೂ ಮಾದೇಶ ತಲೆ ಎತ್ತುತ್ತಿರಲಿಲ್ಲ. ಕಾಳ ಬರತೊಡಗಿದ ಮೇಲೆ ಇದೆಲ್ಲ ತಿರುಗಿತು. ಮೂರನೆಯ ವಾರವೋ ನಾಲ್ಕನೆಯ ವಾರವೋ ಸಿದ್ದರಾಜಣ್ಣ ಪತ್ರಿಕೆ ನೋಡಿದ, ಮಾದೇಶನನ್ನು ನೋಡಿದ, ಮತ್ತೆ ಪತ್ರಿಕೆ ನೋಡಿದ. ಅದೇ ಮೂಗು, ಅದೇ ಕೂದಲು, ಅದೇ ಸಣಕಲು ಕಾಲು. ಅಂದಿನಿಂದ ಇದ್ದಲು ಹೋಗಿ ಕಾಳ ಬಂತು. ಮಾದೇಶನ ಸಿಳ್ಳೆ ಮೊದಲೇ ಪ್ರಸಿದ್ಧವಾಗಿತ್ತು. ಎರಡು ಬೆರಳಿಟ್ಟು ಹಾಕಿದರೆ ಆಚೆ ಹೊಲದ ಎಮ್ಮೆ ತಲೆಯೆತ್ತುತ್ತಿತ್ತು. ಈಗ ಬಸ್‌ಸ್ಟ್ಯಾಂಡಿನಲ್ಲಿ ಚಿಕ್ಕ ಮಕ್ಕಳು, ಕಾಳಣ್ಣ ಒಂದು ಸಿಳ್ಳೆ ಆಕಣ್ಣೋ ಎಂದು ಹಿಂದೆ ಬೀಳುತ್ತಿದ್ದರು. ಒಂದು ದಿನ ಅವನು ಅಂಗಡಿಯ ಕನ್ನಡಿಯ ಮುಂದೆ ನಿಂತು, ತನ್ನ ಮುಖವನ್ನು ತಾನೇ ನೆಟ್ಟಗೆ ನೋಡಿಕೊಳ್ಳುತ್ತ ತಲೆ ಬಾಚಿಕೊಂಡ. ಸಿದ್ದರಾಜಣ್ಣ ತನ್ನ ಒಳ್ಳೆಯ ಬಾಚಣಿಗೆಯನ್ನೇ ಕೊಟ್ಟಿದ್ದ.

ಹೀಗಿರುವಾಗ, ನಾವು ಹೈಸ್ಕೂಲು ಮುಗಿಸಿ ನಾನು ಕೊಳ್ಳೇಗಾಲದ ಕಾಲೇಜು ಸೇರಿ ಎರಡು ವರ್ಷವಾದ ಮೇಲೆ, ಕಂಬಳಿ ಕಾಳ ಸಿನಿಮಾ ಆಗುತ್ತದೆ ಎಂಬ ಸುದ್ದಿ ಬಂತು. ಒಂದು ವಾರ ನಮಗೆ ಹಬ್ಬ. ಕಾಳ ಯಾರಾಗಬಹುದು ಎಂದು ದಿನಾ ಚರ್ಚೆ. ಹೊಸ ಹುಡುಗನನ್ನೇ ಹುಡುಕುತ್ತಾರೆ, ಬೇರೆ ದಾರಿಯೇ ಇಲ್ಲ ಎಂದು ನಾನು ಭಾಷಣ ಮಾಡಿದೆ. ಮುಂದಿನ ವಾರ ಹೀರೋ ಯಾರೆಂದು ಫೋಟೊ ಸಮೇತ ಪೇಪರಿನಲ್ಲಿ ಬಂತು. ಅವರ ಹೆಸರು ಬೇಡ. ಈಗಲೂ ಅವರಿಗೆ ಅಭಿಮಾನಿಗಳಿದ್ದಾರೆ, ನನಗೆ ನನ್ನ ಕೈಕಾಲು ಬೇಕು. ಐವತ್ತರ ಹತ್ತಿರದ ವಯಸ್ಸು, ಬೆಣ್ಣೆಯಂಥ ಕೆನ್ನೆ, ಬೆಲ್ಟಿನ ಮೇಲೆ ಹೊಟ್ಟೆ. ಕಂಬಳಿಯ ಜಾಗದಲ್ಲಿ ಕೆಂಪು ಮಖಮಲ್ಲಿನ ಹೊದಿಕೆ, ಅದರ ಅಂಚಿಗೆ ಮಿಣಮಿಣ ಚಮಕಿ. ಕರ್ರಗೆ ಕಾಣಲೆಂದು ಮುಖಕ್ಕೆ ಏನೋ ಕಂದು ಬಣ್ಣ ಬಳಿದಿದ್ದರು. ಕಿವಿಯ ಹಿಂದೆ ಬಳಿಯುವುದನ್ನು ಮರೆತಿದ್ದರು.

ಹನೂರು ಹೊತ್ತಿ ಉರಿಯಿತು ಎಂದರೆ ಅತಿಶಯೋಕ್ತಿ, ಕಟಿಂಗ್ ಶಾಪಂತೂ ಉರಿಯಿತು. ಸಿನಿಮಾದವರಿಗೆ ಎರಡು ಹಾಳೆ ತುಂಬ ಪ್ರತಿಭಟನೆಯ ಕಾಗದ ಬರೆದೆವು. ಬರೆದವನು ನಾನೇ. ಕಾಳನ ಮೈಬಣ್ಣ ಅವನ ಹುಟ್ಟು, ಅದು ಮುಖ ತೊಳೆದರೆ ಹೋಗುವ ಮೇಕಪ್ಪಲ್ಲ ಎಂದು ನಾನು ಬರೆದ ವಾಕ್ಯವನ್ನು ಎಲ್ಲರೂ ಮೆಚ್ಚಿದರು. ಬಸ್ ಕಂಡಕ್ಟರುಗಳಿಂದ ಹಿಡಿದು ಹಾಲು ಹಾಕುವವನವರೆಗೆ ಸಹಿ ಮಾಡಿದರು. ಉತ್ತರ ಬರಲಿಲ್ಲ. ಸಿನಿಮಾ ಬಂದರೆ ನಾವು ಯಾರೂ ನೋಡಕೂಡದು ಎಂದು ತೀರ್ಮಾನವಾಯಿತು. ಒಬ್ಬ, ಮಾದಪ್ಪನ ಆಣೆ ಇಡೋಣ ಎಂದ. ಸಿದ್ದರಾಜಣ್ಣ ಕೂಡಲೇ, ಸಣ್ಣ ವಿಷಯಕ್ಕೆಲ್ಲ ಆ ದೇವರ ಆಣೆ ಬೇಡ, ಬರೀ ಮಾತು ಕೊಟ್ಟರೆ ಸಾಕು ಎಂದು ಹಿರಿತನ ಮೆರೆದ. ಎಂಥ ದೂರದೃಷ್ಟಿಯೆಂದು ಆಮೇಲೆ ಗೊತ್ತಾಯಿತು. ಸಿನಿಮಾ ಕೊಳ್ಳೇಗಾಲಕ್ಕೆ ಬಂದ ಮೊದಲ ದಿನ, ಕಾಲೇಜಿಗೆ ಚಕ್ಕರ್ ಹೊಡೆದು ಮ್ಯಾಟಿನಿಗೆ ಹೋಗಿ ಕತ್ತಲಲ್ಲಿ ಕೂತಿದ್ದೆ. ಇಂಟರ್‌ವಲ್ಲಿನಲ್ಲಿ ದೀಪ ಹತ್ತಿದಾಗ ನನ್ನ ಮುಂದಿನ ಸಾಲಿನಲ್ಲಿ ಸಿದ್ದರಾಜಣ್ಣ. ಅವನ ಪಕ್ಕ ಹಾಲಿನವನು. ಗೋಡೆ ಪಕ್ಕದಲ್ಲಿ, ಟವೆಲ್ ತಲೆಗೆ ಹೊದ್ದುಕೊಂಡು, ಮಾದೇಶ. ಒಬ್ಬರನ್ನೊಬ್ಬರು ನೋಡಿ, ಬಯ್ಯುವುದಕ್ಕಾದರೂ ನೋಡಬೇಕಲ್ಲ ಎಂದುಕೊಂಡೆವು.

ಇಂಟರ್‌ವಲ್ ಆದ ಮೇಲೆ ಒಂದು ಹಾಡು. ಧಾರಾಕಾರ ಮಳೆ. ಹೀರೋಯಿನ್ನನ್ನು ತೋಳಿನಲ್ಲಿ ಎತ್ತಿಕೊಂಡು ಆ ಮಹಾನುಭಾವರು ಆ ಮಳೆಯಲ್ಲಿ ಹಾರತೊಡಗಿದರು! ಮಳೆಯಲ್ಲಿ! ನೆನೆದು ತೊಪ್ಪೆಯಾದ ಹೊದಿಕೆಯಲ್ಲಿ! ಸಿದ್ದರಾಜಣ್ಣ ಎದ್ದು ನಿಂತು, ಕಂಬಳಿ ನೆನೆದದಲ್ಲಯ್ಯಾ ಎಂದು ಪರದೆಗೆ ಹೇಳಿದ. ಸ್ಕ್ರೀನಿನ ಮೇಲಿದ್ದವರು ಕೇಳಿಸಿಕೊಳ್ಳಲಿಲ್ಲ. ಅಕ್ಕಪಕ್ಕದ ಕೊಳ್ಳೇಗಾಲದವರು ಕೇಳಿಸಿಕೊಂಡು ಕೂರಿಸಿದರು. ಇವತ್ತಿಗೂ ಆ ದೃಶ್ಯ ನೆನೆದರೆ ನನಗೆ ರಕ್ತ ಕುದಿಯುತ್ತದೆ. ವರ್ಷಗಟ್ಟಲೆ ಮೋಡ ಕಂಡರೆ ಎದೆ ಹಿಡಿದುಕೊಂಡವರು ನಾವು, ಸ್ವಾಮಿ. ಅಷ್ಟನ್ನೂ ಒಂದು ಹಾಡಿಗಾಗಿ ಚರಂಡಿಗೆ ಚೆಲ್ಲಿಬಿಟ್ಟರು. ವಾಪಸು ಹನೂರಿನ ಬಸ್ಸಿನಲ್ಲಿ ಕಾಮಗೆರೆ ದಾಟುವವರೆಗೂ ಎಲ್ಲರೂ ಬಯ್ದೆವು. ಮಾದೇಶ ಮಾತ್ರ ಕಿಟಕಿ ಕಡೆ ತಿರುಗಿ ಕೂತಿದ್ದ. ನಾನು ತಿವಿದು ಮಾತಾಡಿಸಿದಾಗ ಒಂದೇ ಮಾತು ಅಂದ.

"ಕರ್ರಗಿರೋನು ಸಿಗ್ನಿಲ್ವಂತಾ ಅವ್ರಿಗ? ಇಷ್ಟು ಜನ ಅವ್ರಲ್ಲ ನಾಡ್ನಲ್ಲಿ."

ಆ ಮಾತು ಕೇಳಿ ನನಗೆ ಆವೇಶ ಬಂತು. ಸಿನಿಮಾದವರು ಕೆಡಿಸಿದ್ದನ್ನು ನಾವು ಸರಿ ಮಾಡೋಣ, ಕಾಳನ ಕಥೆಯನ್ನು ನಾವೇ ನಾಟಕ ಮಾಡೋಣ, ಕಾಳ ಯಾರೆಂದು ಲೋಕಕ್ಕೇ ತೋರಿಸೋಣ ಎಂದು ಬಸ್ಸಿನಲ್ಲೇ ಘೋಷಿಸಿದೆ. ಲೋಕವೆಂದರೆ ಬಂಡಳ್ಳಿ, ಶಾಗ್ಯ, ಹನೂರು. ಪಾತ್ರ ಮಾದೇಶನದೇ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೇ ಇರಲಿಲ್ಲ. ಅವನು ಬಸ್ಸಿಳಿದು ಶಾಗ್ಯದ ಕಡೆ ನಡೆದಾಗ, ನಾನು ಕಂಡಂತೆ, ನೆಲದ ಮೇಲೆ ಕಾಲೇ ಇರಲಿಲ್ಲ.

ಮಂಗಳವಾರ ಕಟಿಂಗ್ ಶಾಪಿಗೆ ರಜೆ. ನಮ್ಮ ಸಭೆಗಳೆಲ್ಲ ಮಂಗಳವಾರ, ಅರ್ಧ ಬಾಗಿಲು ಹಾಕಿದ ಆ ಅಂಗಡಿಯಲ್ಲಿ. ಯಳಂದೂರಿನಿಂದ ನಾಟಕದ ಮೇಷ್ಟ್ರನ್ನು ಕರೆಸಿದೆವು. ಹಾರ್ಮೋನಿಯಂ ಹೊತ್ತು ಊರೂರು ತಿರುಗಿ ನಾಟಕ ಕಲಿಸುವವರು. ಪೇಟಿ ಮೇಷ್ಟ್ರು ಎಂದೇ ಹೆಸರು. ಪುರಾಣದ ನಾಟಕ ಬಿಟ್ಟು ಅವರಿಗೆ ಬೇರೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ನಾನು ಪತ್ರಿಕೆಯ ಕಟ್ಟನ್ನೇ ಮುಂದಿಟ್ಟು ಕಥೆ ಹೇಳಿದೆ. ಎಲ್ಲ ಕೇಳಿದ ಮೇಲೆ ಅವರು, ದೇವರಿಲ್ಲದಿದ್ದರೆ ಜನ ಕೂರುವುದಿಲ್ಲ, ಒಬ್ಬ ದೇವರು ಬೇಕೇ ಬೇಕು, ಕಾಳ ಹಾರುವ ಮುಂಚೆ ಒಂದು ಕಂದಪದ್ಯ ಹಾಡಲೇಬೇಕು ಎಂದರು. ಸಿನಿಮಾದವರನ್ನು ಹಿಗ್ಗಾಮುಗ್ಗಾ ಬಯ್ದ ನಾವು ಎರಡಕ್ಕೂ ತಲೆಯಾಡಿಸಿದೆವು. ನಮ್ಮ ಮೇಷ್ಟ್ರು ನೋಡಿ!

ಈಗ ನಮ್ಮ ಸೀಮೆಯ ಒಂದು ಪದ್ಧತಿ ಹೇಳಬೇಕು. ನಮ್ಮ ಕಡೆ ಹಳ್ಳಿ ನಾಟಕದಲ್ಲಿ ಪಾತ್ರ ಮಾಡುವವನೇ ಪಾತ್ರಕ್ಕೆ ದುಡ್ಡು ಹಾಕಬೇಕು. ಮೇಷ್ಟ್ರ ಸಂಭಾವನೆ, ಸೀನು, ಡ್ರೆಸ್ಸು, ಮೈಕು, ಎಲ್ಲ ಖರ್ಚು ಹುಟ್ಟುವುದು ಅಲ್ಲಿಂದಲೇ. ಹಾಡು ಹೆಚ್ಚಿದ್ದ ಪಾತ್ರಕ್ಕೆ ಹೆಚ್ಚು, ಈಟಿ ಹಿಡಿದು ನಿಲ್ಲುವವನಿಗೆ ಕಮ್ಮಿ. ಇದರಲ್ಲಿ ಯಾರಿಗೂ ತಪ್ಪು ಕಾಣುವುದಿಲ್ಲ. ಹದಿನಾರರ ರಾಜಕುಮಾರನ ಪಾತ್ರವನ್ನು ಅರವತ್ತು ದಾಟಿದ ಯಜಮಾನರೊಬ್ಬರು ದುಡ್ಡು ಹಾಕಿ ಮಾಡಿದ್ದನ್ನು, ಅಭಿಮಾನದಿಂದ ಹಾರ ಹಾಕಿ ನೋಡಿದ ಜನ ನಮ್ಮವರು. ಹಾಗಾಗಿ ಮೇಷ್ಟ್ರು ಕನ್ನಡಕ ಹಾಕಿಕೊಂಡು, ಪುಸ್ತಕ ತೆಗೆದು, ಕಾಳನ ಪಾತ್ರ ಯಾರದು ಎಂದು ಕೇಳಿದಾಗ ಅವರು ಕೇಳಿದ್ದು ಮುಖವನ್ನಲ್ಲ.

ನಾವು ಎಲ್ಲರೂ ಮಾದೇಶನ ಕಡೆ ನೋಡಿದೆವು. ಮಾದೇಶ ನೆಲ ನೋಡಿದ. ಮೇಷ್ಟ್ರು ಹೇಳಿದ ಮೊತ್ತ ಅವನ ಮನೆಯಲ್ಲಿ ಒಂದು ಎಮ್ಮೆ ಮಾರಿದರೆ ಹುಟ್ಟಬಹುದಾಗಿತ್ತು. ನಮ್ಮ ಮನೆಯಲ್ಲಿ ಆ ವಾರವೇ ರೇಷ್ಮೆಗೂಡು ಮಾರಿ ಅಪ್ಪ ನನ್ನ ಕಾಲೇಜಿಗೆಂದು ಕೊಟ್ಟಿದ್ದ ದುಡ್ಡು ನನ್ನ ಜೇಬಿನಲ್ಲಿತ್ತು. ನಾನು, ಕಾಳನಿಗೆ ನಾನು ಹಾಕುತ್ತೇನೆ ಮೇಷ್ಟ್ರೇ ಎಂದೆ. ಮಾದೇಶನ ಪರವಾಗಿ ಹಾಕುತ್ತೇನೆ ಎಂಬುದು ನನ್ನ ಮನಸ್ಸಿನಲ್ಲಿದ್ದ ಮಾತು. ಬಾಯಿಯಿಂದ ಬಂದದ್ದು ಅರ್ಧ. ದುಡ್ಡು ಹಾಕಿದವನೇ ಪಾತ್ರಧಾರಿ ಎಂಬುದು ಬಿಟ್ಟರೆ ಬೇರೆ ಕಂಡೇ ಇಲ್ಲದ ಮೇಷ್ಟ್ರು, ಪುಸ್ತಕದಲ್ಲಿ ಕಾಳ ಎಂದು ಬರೆದು ಅದರ ಮುಂದೆ ನನ್ನ ಹೆಸರು ಬರೆದುಕೊಂಡರು.

ಆಗ ನಾನು ತಿದ್ದಬಹುದಿತ್ತು. ನನಗಲ್ಲ ಮೇಷ್ಟ್ರೇ, ಮಾದೇಶನಿಗೆ ಎನ್ನಲು ಎಷ್ಟು ಹೊತ್ತು ಬೇಕು? ನಾನು ಕನ್ನಡಿಯಲ್ಲಿ ನನ್ನನ್ನೇ ನೋಡಿಕೊಂಡೆ, ಹೆಗಲ ಮೇಲೆ ಕಂಬಳಿ ಕಲ್ಪಿಸಿಕೊಂಡೆ, ಸುಮ್ಮನಾದೆ. ಮೇಷ್ಟ್ರು ತಪ್ಪು ತಿಳಿದರು, ನಾನೇನು ಮಾಡಲಿ ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಸುಳ್ಳು. ನನಗೆ ಪಾತ್ರ ಬೇಕಾಗಿತ್ತು. ವಾರಕ್ಕೆ ಆರು ಚೌಕದಂತೆ ಬಾಯಿಪಾಠ ಮಾಡಿದವನು ನಾನು, ನೋಟ್‌ಬುಕ್ ಇಟ್ಟವನು ನಾನು, ನನಗೂ ಹಕ್ಕಿಲ್ಲವೇ ಎಂದು ಒಳಗೊಳಗೇ ವಾದ ಹೂಡಿದ್ದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಮಾದೇಶ ಜಗಳವಾಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು, ನಾನೂ ಎರಡು ಮಾತು ಅಂದು ಹಗುರಾಗುತ್ತಿದ್ದೆ. ಅವನು ದಿನಾ ಸಂಜೆ ಕೆಲಸ ಮುಗಿಸಿಕೊಂಡು ಪ್ರಾಕ್ಟೀಸಿಗೆ ಬಂದ. ನನಗೆ ಎಮ್ಮೆ ಹಿಂದೆ ನಡೆಯುವವನ ನಡಿಗೆ ಬರುತ್ತಿರಲಿಲ್ಲ, ನಡೆದು ತೋರಿಸಿದ. ಕಂಬಳಿ ಕೊಡವುವುದು ಹೇಗೆಂದು ತೋರಿಸಿದ. ಕಂಬಳಿಯೂ ಅವನ ಅಪ್ಪನದೇ. ಸಿಳ್ಳೆ ಮಾತ್ರ ನನಗೆ ಏನು ಮಾಡಿದರೂ ಹತ್ತಲಿಲ್ಲ. ಎರಡು ಬೆರಳಿಟ್ಟು ಊದಿದರೆ ಎಂಜಲು ಹಾರುತ್ತಿತ್ತು, ಕಾಳ ಹಾರುತ್ತಿರಲಿಲ್ಲ. ಕೊನೆಗೆ ಮೇಷ್ಟ್ರೇ ದಾರಿ ಹುಡುಕಿದರು. ನಾನು ಬೆರಳನ್ನು ಬಾಯಿಗಿಟ್ಟು ನಿಲ್ಲುವುದು, ಪರದೆಯ ಹಿಂದಿನಿಂದ ಮಾದೇಶ ಸಿಳ್ಳೆ ಹಾಕುವುದು. ಸಿನಿಮಾದವರು ಬೇರೆಯವರ ಗಂಟಲಿನಲ್ಲಿ ಹಾಡಿಸುವುದಿಲ್ಲವೇ ಎಂದು ಮೇಷ್ಟ್ರು ನಕ್ಕರು. ನಾವೂ ನಕ್ಕೆವು.

ನಾಟಕ ಹಗಲು ಹೊತ್ತು. ಕಾಡಿನ ಕಡೆ ಕಾಡುಗಳ್ಳನ ಗಲಾಟೆ ಜೋರಾಗಿದ್ದ ವರ್ಷಗಳವು. ಗೋಪಿನಾಥಂ ಕಡೆಗೆ ಮೊದಲೇ ಬಸ್ಸು ಕಡಿಮೆ, ಆಗಂತೂ ಸಂಜೆಯಾದರೆ ನಮ್ಮ ಕಡೆಯ ಬಸ್ಸುಗಳೂ ನಿಂತುಬಿಡುತ್ತಿದ್ದವು. ಹೀಗಾಗಿ ಬಂಡಳ್ಳಿ ಶಾಲೆಯ ಬಯಲಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ, ಉರಿಬಿಸಿಲಲ್ಲಿ, ನಮ್ಮ ಕಾಳ ಹಾರುವುದೆಂದು ಗೊತ್ತಾಯಿತು.

ಒಂದು ಸಮಸ್ಯೆ ಉಳಿದಿತ್ತು. ನಾನು ಬೆಳ್ಳಗಿದ್ದೆ. ಈಗ ಬಿಸಿಲಿಗೆ ಕಂದಿದ್ದೇನೆ, ಆಗ ನಮ್ಮ ಅಜ್ಜಿ ನನ್ನನ್ನು ಬಿಳಿಯ ಎಂದೇ ಕರೆಯುತ್ತಿದ್ದರು. ಕಾಳ ಕರ್ರಗಿರಲೇಬೇಕೆಂದು ಎರಡು ಹಾಳೆ ಕಾಗದ ಬರೆದವನೂ ನಾನೇ. ಸರಿ, ದೀಪದ ಕಾಡಿಗೆಗೆ ಹರಳೆಣ್ಣೆ ಕಲಸಿ ಒಂದು ತಟ್ಟೆ ತುಂಬ ಮಾಡಿದರು. ಮೇಷ್ಟ್ರು ದೇವರ ಪಾತ್ರದವನಿಗೆ ನೀಲಿ ಬಳಿಯುವುದರಲ್ಲಿ ಮುಳುಗಿದ್ದರು. ಶಾಲೆಯ ಒಂದು ಕೋಣೆಯಲ್ಲಿ ಬನಿಯನ್ ಬಿಚ್ಚಿ ನಿಂತ ನನಗೆ ಕಪ್ಪು ಹಚ್ಚಿದವನು ಮಾದೇಶ. ಬೆನ್ನಿಗೆ ಹಚ್ಚಿದ, ಕುತ್ತಿಗೆಗೆ ಹಚ್ಚಿದ, ಆ ಸಿನಿಮಾದವರು ಮರೆತಿದ್ದ ಕಿವಿಯ ಹಿಂದೆಯೂ ನೆನಪಿಟ್ಟು ಹಚ್ಚಿದ. ಎಲ್ಲ ಆದ ಮೇಲೆ ತನ್ನ ತೋಳನ್ನು ನನ್ನ ತೋಳಿನ ಪಕ್ಕಕ್ಕೆ ತಂದು, ಬಟ್ಟೆ ಅಂಗಡಿಯಲ್ಲಿ ಬಣ್ಣ ಹೊಂದಿಸಿ ನೋಡುವವರ ಹಾಗೆ ನೋಡಿದ.

"ನನ್ನಷ್ಟು ಬಂದದಾ ನೋಡ್ಲಾ," ಎಂದ. "ಇನ್ನೊಂದ್ಕೈ ಅಚ್ಚಲಾ?"

ಅದರಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿ ಕೇಳಿದ್ದ, ನಾಟಕ ಚೆನ್ನಾಗಿ ಆಗಲೆಂದು. ಸಾಕು ಬಿಡು ಎಂದೆ. ನನಗೆ ಅವನ ಮುಖ ನೋಡಲಾಗಲಿಲ್ಲ, ಮಾತು ಮರೆತುಹೋದವನಂತೆ ಕಂದಪದ್ಯ ಗುನುಗತೊಡಗಿದೆ.

ಬಯಲಿನಲ್ಲಿ ಜನವೋ ಜನ. ನಾನು ಬಾಯಿಗೆ ಬೆರಳಿಟ್ಟೆ. ಪರದೆಯ ಹಿಂದಿನಿಂದ ಸಿಳ್ಳೆ ಹೊರಟಿತು ನೋಡಿ! ಶಾಲೆಯ ಹೆಂಚಿನ ಮೇಲಿದ್ದ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು, ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅದಾದ ಮೇಲೆ ನಾನು ಹಾಡಿದ ಪದ್ಯಕ್ಕೆ ಯಾರೂ ಹೊಡೆಯಲಿಲ್ಲ. ಮೂರನೆಯ ಸೀನಿಗೆ ಬಿಸಿಲಿಗೆ ಬೆವೆತು ಹಣೆಯಿಂದ ಕಪ್ಪು ಇಳಿಯತೊಡಗಿತು, ಕೆನ್ನೆಯಲ್ಲಿ ಬಿಳಿ ಗೆರೆಗಳು ಮೂಡಿದವು. ಮುಂದೆ ಕೂತ ಮಕ್ಕಳು, ಕಾಳ ಕರಗ್ತಾವ್ನೆ ಎಂದು ಕೇಕೆ ಹಾಕಿದವು. ಕೆರೆ ಏರಿಗೆ ಬೆನ್ನು ಕೊಡುವ ಸೀನಿನಲ್ಲಿ ಬಿಳಿಯ ಪರದೆಗೆ ನನ್ನ ಬೆನ್ನು ಅಚ್ಚೊತ್ತಿತು. ಬಾಡಿಗೆ ಪರದೆ, ಒಗೆಸಿ ಕೊಡಬೇಕಾಯಿತು. ಹೇಗೋ ಮುಗಿಯಿತು.

ಮುಗಿದ ಮೇಲೆ ಶಾಗ್ಯದ ಒಬ್ಬ ಮುದುಕಿ ಜನರನ್ನು ಸರಿಸಿಕೊಂಡು ಬಂದು, ನನ್ನ ಕೆನ್ನೆ ಸವರಿ ನೆಟಿಗೆ ಮುರಿದಳು.

"ಏನ್ ಸಿಳ್ಳೆ ಆಕ್ದಪ್ಪಾ ಮಗ. ಎದೆ ಝಲ್ ಅಂದೋಯ್ತು."

ಮಾದೇಶ ಎರಡು ಮಾರು ದೂರದಲ್ಲಿ ಅಪ್ಪನ ಕಂಬಳಿ ಮಡಿಸುತ್ತಿದ್ದ. ನಾನು ಆ ಮುದುಕಿಗೆ ಕೈ ಮುಗಿದೆ. ಹೌದು, ಕೈ ಮುಗಿದೆ. ನಾನು ಹಾಕಿದ್ದಲ್ಲ ಅಜ್ಜೀ ಎನ್ನಲಿಲ್ಲ.

ಆಮೇಲೆ ನನಗೆ ಯಳಂದೂರಿನ ಹೈಸ್ಕೂಲಿನಲ್ಲಿ ಕೆಲಸವಾಯಿತು, ಮದುವೆಯಾಯಿತು. ಮಾದೇಶನಿಗೂ ಆಯಿತು. ಅವನ ಅವ್ವ ಹೆದರಿದಂತೇನೂ ಆಗಲಿಲ್ಲ, ಒಳ್ಳೆಯ ಹೆಣ್ಣೇ ಸಿಕ್ಕಳು. ನಮ್ಮ ಸ್ನೇಹವೂ ಕೆಡಲಿಲ್ಲ. ವರ್ಷಕ್ಕೊಮ್ಮೆ ಅವನ ಮನೆಯ ಅವರೆಕಾಯಿ ನಮ್ಮ ಮನೆಗೆ ಬರುತ್ತದೆ. ಸ್ಟಾಫ್ ರೂಮಿನಲ್ಲಿ ಸಿನಿಮಾದವರು ಕಾಳನನ್ನು ಕೆಡಿಸಿದ ಕಥೆಯನ್ನು, ಮಳೆಹಾಡಿನ ಕಥೆಯನ್ನು ಅಭಿನಯ ಸಮೇತ ಎಷ್ಟು ಸಲ ಹೇಳಿದ್ದೇನೋ. ಬಂಡಳ್ಳಿ ಬಯಲಿನ ನಾಟಕವನ್ನು ಒಂದು ಸಲವೂ ಹೇಳಿಲ್ಲ. ನನ್ನ ಹೆಂಡತಿಗೇ ಗೊತ್ತಿಲ್ಲ.

ಹೋದ ತಿಂಗಳು ಆ ಕೆನೆಬಣ್ಣದ ಹುಡುಗನ ಫೋಟೊ ನೋಡಿದ ಮೇಲೆ ನಾನು ಸುಮ್ಮನಿರುವವನೇ? ಅವತ್ತೇ ಕೂತು ಕಾಗದ ಬರೆದೆ. ಈಗ ಭಾಷೆ ಇನ್ನೂ ಹರಿತವಾಗಿದೆ, ಮೇಷ್ಟ್ರಲ್ಲವೇ. ಕರಿಯನ ಕಥೆ ನಿಮಗೆ ಬೇಕು, ಕರಿಯನ ಮುಖ ಬೇಡವೇ, ಮಸಿ ಬಳಿದುಕೊಂಡವನಿಗೆ ಪಾತ್ರ ಕೊಟ್ಟು ಹುಟ್ಟಾ ಕರಿಯನನ್ನು ಪರದೆಯ ಹಿಂದೆ ನಿಲ್ಲಿಸುವ ನಿಮ್ಮ ನ್ಯಾಯ ಯಾವ ನ್ಯಾಯ ಎಂದು ಬರೆದೆ. ಕೆಳಗೆ ದೊಡ್ಡದಾಗಿ ಮೊದಲ ಸಹಿ ಹಾಕಿದೆ. ಸ್ಟಾಫ್ ರೂಮಿನಲ್ಲಿ, ಟೀ ಅಂಗಡಿಯಲ್ಲಿ ಸಹಿ ಹಾಕಿಸಿದೆ. ಮುಂದಿನ ಭಾನುವಾರ ಬಸ್ಸು ಹತ್ತಿ ಶಾಗ್ಯಕ್ಕೆ ಹೋದೆ. ಮಾದೇಶನ ಸಹಿ ಇಲ್ಲದೆ ಈ ಕಾಗದಕ್ಕೆ ಬೆಲೆಯೇನು ಹೇಳಿ.

ಮಾದೇಶ ಬೇಯಿಸಿದ ಅರಿಶಿನವನ್ನು ಮನೆ ಮುಂದೆ ಒಣಗಲು ಹರವುತ್ತಿದ್ದ. ಕೈಯೆಲ್ಲ ಹಳದಿ. ಕಿವಿಯ ಹತ್ತಿರ ಕೂದಲು ನರೆತಿದೆ. ನಾನು ಜಗಲಿಯ ಮೇಲೆ ಕೂತು ಕಾಗದವನ್ನು ಗಟ್ಟಿಯಾಗಿ ಓದಿದೆ, ಏರಿಳಿತದ ಸಮೇತ ಓದಿದೆ. ಅವನು ಕೆಲಸ ನಿಲ್ಲಿಸಿ ಪೂರ್ತಿ ಕೇಳಿದ. ಟವೆಲಿಗೆ ಕೈ ಒರೆಸಿಕೊಂಡು ಸಹಿ ಹಾಕಿದ. ಚೆನ್ನಾಗಿ ಬರೆದಿದ್ದೀಯ, ಅವರು ಮಾಡುತ್ತಿರುವುದೂ ತಪ್ಪೇ ಎಂದ. ಎಷ್ಟು ಒರೆಸಿದ್ದರೂ ಹಾಳೆಗೆ ಎರಡು ಬೆರಳಿನ ಹಳದಿ ಹತ್ತಿತು. ನಾನು ಕಾಗದ ಮಡಿಸಿ ಜೇಬಿಗಿಡುತ್ತ, ಇನ್ನೂ ಅದೇ ಆವೇಶದಲ್ಲಿ, ಆ ಕಾಲದಲ್ಲೂ ಆ ಸಿನಿಮಾದವನು ನಿನಗೆ ಮಹಾ ಅನ್ಯಾಯ ಮಾಡಿಬಿಟ್ಟ ಎಂದೆ.

ಮಾದೇಶ ಬಗ್ಗಿ ಅರಿಶಿನ ಹರವತೊಡಗಿದ್ದ. ತಲೆ ಎತ್ತಲಿಲ್ಲ.

"ಅವ್ನು ನನ್ನ ಕಂಡೇ ಇರ್ನಿಲ್ಲ ಕಣ್ಲಾ," ಎಂದ. "ನೀ ಕಂಡಿದ್ದೆ."

ಅಷ್ಟೇ. ದನಿ ಏರಿಸಲಿಲ್ಲ. ಅವನ ಹೆಂಡತಿ ಮಜ್ಜಿಗೆ ತಂದುಕೊಟ್ಟರು, ಕುಡಿದೆ. ಅವನು ತನ್ನ ಮಗನ ಓದಿನ ವಿಷಯ ಕೇಳಿದ, ಯಾವ ಕ್ಲಾಸಿಗೆ ಯಾವ ಟ್ಯೂಷನ್ ಎಂದು ಏನೇನೋ ಹೇಳಿದೆ. ಬಸ್ಸಿನವರೆಗೂ ಬಂದು ಹತ್ತಿಸಿದ. ಹದಿನೈದು ವರ್ಷ ನಾನು ಸಿನಿಮಾದವರ ಮೇಲೆ ಹಾರಾಡಿದ್ದೇನಲ್ಲ, ಆ ಇಡೀ ಹಾರಾಟ ಯಾತಕ್ಕಾಗಿತ್ತೆಂದು ಕೊಳ್ಳೇಗಾಲ ಬರುವಷ್ಟರಲ್ಲಿ ನನಗೆ ಗೊತ್ತಾಯಿತು. ಅವರನ್ನು ಬಯ್ಯುವಷ್ಟು ಹೊತ್ತು ನನ್ನ ಸರದಿ ಬರುವುದಿಲ್ಲ, ಅದಕ್ಕೆ. ನಾಚಿಕೆಯಾಯಿತು.

ಮನೆಗೆ ಬಂದು ಹೆಂಡತಿಯನ್ನು ಕೂರಿಸಿಕೊಂಡು ನಾಟಕದ ಕಥೆಯನ್ನೆಲ್ಲ ಹೇಳಿದೆ. ಮುದುಕಿಗೆ ಕೈ ಮುಗಿದದ್ದನ್ನೂ ಹೇಳಿದೆ. ಅವಳು ನಗಲಿಲ್ಲ. ಎದ್ದು ಒಳಗೆ ಹೋಗುವಾಗ, ಇನ್ನು ಆ ಕಾಗದ ಏನು ಮಾಡುತ್ತೀರಿ ಎಂದಷ್ಟೇ ಕೇಳಿದಳು.

ಸಿನಿಮಾದವರು ತಪ್ಪು ಮಾಡುತ್ತಿಲ್ಲವೇ? ಮಾಡುತ್ತಿದ್ದಾರೆ, ನೂರಕ್ಕೆ ನೂರು. ಕಾಗದ ಹೋಗಲೇಬೇಕು. ಮಾರನೆಯ ದಿನ ಸ್ಕೂಲಿಗೆ ಹೋಗುತ್ತ ಅಂಚೆ ಡಬ್ಬಕ್ಕೆ ಹಾಕಿದೆ. ಅದರಲ್ಲಿ ಮಾದೇಶನ ಸಹಿ ಇದೆ, ಸ್ಟಾಫ್ ರೂಮಿನವರದಿದೆ, ಟೀ ಅಂಗಡಿಯವರದಿದೆ. ಎಲ್ಲಕ್ಕಿಂತ ಮೇಲೆ ದೊಡ್ಡದಾಗಿದ್ದ ಒಂದು ಸಹಿಯನ್ನು ಮಾತ್ರ, ಓದಲು ಬಾರದ ಹಾಗೆ, ಗೀಚಿ ಹೊಡೆದುಹಾಕಿದ್ದೇನೆ.